ನಾಲ್ಕನೇ ಹೆಜ್ಜೆ

ಒಬ್ಬ ಮನುಷ್ಯನ ನಡಿಗೆಯನ್ನು ನಾನು ಅವನಿಂದ ಕಿತ್ತುಕೊಂಡೆ. ಅದಕ್ಕೆ ಹನ್ನೊಂದು ತಿಂಗಳು ಹಿಡಿಯಿತು. ಹೊಡೆಯಲಿಲ್ಲ, ಬೈಯಲಿಲ್ಲ, ಅವನ ಮೈ ಮುಟ್ಟಲಿಲ್ಲ. ಮೈಸೂರು ಮೆಟ್ರೊದ ಗಾಣದ ಬೀದಿ ನಿಲ್ದಾಣದಲ್ಲಿ ದಿನಾ ಬೆಳಿಗ್ಗೆ ಹತ್ತು ಗಂಟೆಗೆ ಅವನು ಗೇಟಿನ ಮುಂದೆ ಎಂಟು ಹೆಜ್ಜೆ ಇಡುತ್ತಿದ್ದ. ನಾನು ನಿಯಂತ್ರಣ ಕೊಠಡಿಯಲ್ಲಿ ಕೂತು ಆ ಎಂಟು ಹೆಜ್ಜೆಗಳನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬದಲಿಸುತ್ತಿದ್ದೆ. ಇದಕ್ಕಾಗಿ ನನ್ನ ಕೆಲಸ ಹೋಯಿತು. ಹೋಗಲಿ. ನನಗೆ ಸಂಕಟವಿರುವುದು ಬೇರೊಂದು ವಿಷಯಕ್ಕೆ, ಅದನ್ನೂ ಹೇಳುತ್ತೇನೆ.

ನನ್ನ ಹೆಸರು ಗಂಗರತ್ನ. ಮೆಟ್ರೊದ ಹೆಜ್ಜೆ ವಿಭಾಗದಲ್ಲಿ ಇಂಜಿನಿಯರ್ ಆಗಿದ್ದೆ. ನಮ್ಮ ಮೆಟ್ರೊಗೆ ಟಿಕೆಟ್ ಇಲ್ಲ, ಕಾರ್ಡ್ ಇಲ್ಲ, ಮುಖ ನೋಡುವ ಕ್ಯಾಮೆರಾವೂ ಇಲ್ಲ. ಗೇಟಿಗೆ ಮುಂಚಿನ ಎಂಟು ಟೈಲ್ಸ್‌ಗಳ ಕೆಳಗೆ ತೆಳುವಾದ ಸಂವೇದಕಗಳ ಹಾಸು ಇದೆ. ಹಿಮ್ಮಡಿ ಎಷ್ಟು ಒತ್ತಿತು, ಹೆಬ್ಬೆರಳು ಯಾವಾಗ ಮೇಲೆದ್ದಿತು, ಎರಡು ಕಾಲಿನ ನಡುವೆ ಎಷ್ಟು ಹೊತ್ತು ಹೋಯಿತು ಎಂಬುದನ್ನೆಲ್ಲ ಅದು ಅಳೆಯುತ್ತದೆ. ಒಬ್ಬರ ನಡಿಗೆ ಇನ್ನೊಬ್ಬರಿಗಿಲ್ಲ. ಎಂಟನೇ ಹೆಜ್ಜೆಗೆ ಗೇಟು ನಿಮ್ಮನ್ನು ಗುರುತು ಹಿಡಿದು, ಪುಟ್ಟ ಪರದೆಯ ಮೇಲೆ ನಿಮ್ಮ ಹೆಸರು ತೋರಿಸಿ, ಅದನ್ನೇ ಬಾಯಿಬಿಟ್ಟು ಹೇಳಿ ನಮಸ್ಕಾರ ಮಾಡಿ ತೆರೆದುಕೊಳ್ಳುತ್ತದೆ.

ಜನ ಇದಕ್ಕೆ ಒಗ್ಗಿಕೊಂಡ ಬಗೆ ನೋಡಬೇಕಿತ್ತು. ಮೊದಲ ವರ್ಷ ಅಯ್ಯಪ್ಪನ ಮಾಲೆ ಹಾಕಿದವರು ಬರಿಗಾಲಲ್ಲಿ ಬಂದಾಗ ಗೇಟು ಅವರನ್ನು ಒಳಗೆ ಬಿಡಲೇ ಇಲ್ಲ. ಆಮೇಲೆ ನವೆಂಬರಿನಿಂದ ಸಂಕ್ರಾಂತಿಯವರೆಗೆ ಬರಿಗಾಲಿನ ದಾಖಲೆಗಳನ್ನೇ ಬೇರೆ ಇಟ್ಟೆವು. ಹೊಸ ಚಪ್ಪಲಿ ಕಚ್ಚಿದವರು, ಏಳು ತಿಂಗಳ ಬಸುರಿಯರು, ಮದುವೆಮನೆಯಿಂದ ಗರಿಗರಿ ರೇಷ್ಮೆ ಸೀರೆಯಲ್ಲಿ ಬಂದವರು ಎಲ್ಲರೂ ಸಹಾಯ ಕಿಟಕಿಯ ಮುಂದೆ ಸಾಲು ನಿಲ್ಲುತ್ತಿದ್ದರು. ಕುಡಿದು ಬಂದ ಗಂಡಸನ್ನು ಗೇಟು ಬಿಡುವುದಿಲ್ಲ ಎಂದು ಗೊತ್ತಾದ ಮೇಲೆ ನಾಲ್ಕೈದು ಹೆಂಗಸರು ಆಫೀಸಿಗೇ ಬಂದು ನಮಗೆ ಮೈಸೂರ್‌ಪಾಕ್ ಕೊಟ್ಟು ಹೋಗಿದ್ದರು.

ನಾನೇ ಹೊಸೆದ ಒಂದು ಸೌಲಭ್ಯವಿತ್ತು. ಅದರ ಹೆಸರು ಅಭ್ಯಾಸ ಕ್ರಮ. ಬಸ್ಸಿನಡಿ ಸಿಕ್ಕಿ ಕಾಲು ಮುರಿದುಕೊಂಡಿದ್ದ ಒಬ್ಬ ಕಾಲೇಜು ಹುಡುಗಿಯನ್ನು ನೋಡಿ ಅದು ಹೊಳೆದಿತ್ತು. ಡಾಕ್ಟರು ಇವಳು ಹೀಗೆ ನಡೆಯಬೇಕು ಎಂದು ಒಂದು ಗುರಿ ಕೊಡುತ್ತಾರೆ. ಗೇಟು ದಿನದಿನಕ್ಕೂ ಆ ಗುರಿಗೆ ಒಂದಿಷ್ಟು ಹತ್ತಿರವಾದ ಹೆಜ್ಜೆಯನ್ನು ಮಾತ್ರ ಒಪ್ಪುತ್ತದೆ. ಯಾರದೇ ಆಗಲಿ, ಗೇಟು ಒಪ್ಪಿದ ಹೆಜ್ಜೆಯ ಕೆಳಗೆ ಟೈಲ್ ಹಸಿರಾಗಿ ಬೆಳಗುತ್ತದೆ. ಹಸಿರು ಕಂಡರೆ ಕಾಲು ತನ್ನಷ್ಟಕ್ಕೆ ಕಲಿಯುತ್ತದೆ, ಮನಸ್ಸಿಗೆ ಗೊತ್ತೂ ಆಗುವುದಿಲ್ಲ. ಹಳೆಯ ನಡಿಗೆಯ ಪ್ರತಿಯನ್ನು ನಾವು ಇಡುತ್ತಿರಲಿಲ್ಲ, ಏಕೆಂದರೆ ಕುಂಟು ಮರೆಯುವುದೇ ಅದರ ಉದ್ದೇಶ. ಆ ಹುಡುಗಿ ಐದು ತಿಂಗಳಲ್ಲಿ ನೆಟ್ಟಗೆ ನಡೆದಳು. ಪತ್ರಿಕೆಯಲ್ಲಿ ಫೋಟೊ ಬಂತು. ಇದೇ ಸೌಲಭ್ಯವನ್ನು ನಾನು ಜಯಸಿಂಹನ ಮೇಲೆ ಬಿಟ್ಟೆ.

ಜಯಸಿಂಹ ಯಾರು ಎಂದು ಹೇಳುವ ಮೊದಲು ಅಪ್ಪನ ವಿಷಯ ಹೇಳಬೇಕು.

ಅಪ್ಪ ತಿಮ್ಮಾಭೋವಿ ಬಾವಿ ತೋಡುವವನು. ಅರಮನೆಯ ಸುತ್ತ ಕಂಬ ಎಬ್ಬಿಸಬಾರದು ಎಂದು ತೀರ್ಮಾನವಾದ ಮೇಲೆ ಮೆಟ್ರೊ ಹಳೆಯ ಪೇಟೆಯ ಅಡಿಯಲ್ಲೇ ಸುರಂಗ ಹಿಡಿಯಬೇಕಾಯಿತು. ಆ ಪೇಟೆಯಲ್ಲಿ ಒಂದು ಕಾಲಕ್ಕೆ ಮನೆಗೊಂದು ಬಾವಿ. ನಲ್ಲಿ ಬಂದ ಮೇಲೆ ಜನ ಅವಕ್ಕೆ ಕಸಕಡ್ಡಿ ತುಂಬಿ, ಮೇಲೊಂದು ಚಪ್ಪಡಿ ಎಳೆದು, ಅದರ ಮೇಲೆ ಅಂಗಡಿ ಕಟ್ಟಿಕೊಂಡು ಮರೆತುಬಿಟ್ಟಿದ್ದರು. ಕೊರೆಯುವ ಯಂತ್ರ ಅಂಥ ಬಾವಿಯ ಬುಡಕ್ಕೆ ಬಂದರೆ ಮೇಲಿನ ಮಣ್ಣು ಒಮ್ಮೆಲೇ ಒಳಕ್ಕೆ ಸುರಿಯುತ್ತದೆ. ನಕ್ಷೆಯಲ್ಲಿಲ್ಲದ ಬಾವಿಗಳನ್ನು ಹುಡುಕಲು ಅಪ್ಪನನ್ನು ಕರೆದರು. ಅಪ್ಪನ ಉಪಕರಣ ಅವನ ಹಿಮ್ಮಡಿ.

ಹದಿನೆಂಟನೇ ವಯಸ್ಸಿನಲ್ಲಿ ಹಗ್ಗ ಕಡಿದು ಬಿದ್ದ ಮಣ್ಣಿನ ಬುಟ್ಟಿ ಅಪ್ಪನ ಬಲಮಂಡಿಯನ್ನು ಜಜ್ಜಿತ್ತು. ಹಾಗಾಗಿ ಬಲಗಾಲನ್ನು ಒಂಚೂರು ಎಳೆದು ನಡೆಯುತ್ತಿದ್ದ. ಮೂರು ಹೆಜ್ಜೆ ಹಾಗೆ. ನಾಲ್ಕನೆಯದಕ್ಕೆ ಎಡ ಹಿಮ್ಮಡಿಯಿಂದ ನೆಲವನ್ನು ಒಮ್ಮೆ ಕುಟ್ಟುವುದು. ಕುಟ್ಟಿ, ಕಿವಿಗೊಟ್ಟು, ಮುಂದೆ. ಕೆಲಸದಲ್ಲಷ್ಟೇ ಅಲ್ಲ, ಸಂತೆಗೆ ಹೋದರೂ ಅಷ್ಟೇ, ಮದುವೆಗೆ ಹೋದರೂ ಅಷ್ಟೇ. ಸಂಜೆ ಮನೆಗೆ ಬಂದರೆ ಹೊಸ್ತಿಲಾಚೆ ನಿಂತು ಹಿಮ್ಮಡಿ ಕುಟ್ಟುತ್ತಿದ್ದ. ಅವ್ವ ಚೊಂಬಿನಲ್ಲಿ ನೀರು ತಂದು ಅವನ ಪಾದಕ್ಕೆ ಹುಯ್ದು "ಬಂದ್ರಾ" ಅನ್ನುವಳು. ಬಾವಿಯ ಮಣ್ಣು ಹೊಸ್ತಿಲು ದಾಟಬಾರದು ಎನ್ನುವುದು ನಮ್ಮವರ ಪದ್ಧತಿ. ಅವಳು ಬಂದ್ರಾ ಅನ್ನುವವರೆಗೆ ಅಪ್ಪ ಮಾತಾಡುತ್ತಿರಲಿಲ್ಲ.

ಗಾಣದ ಬೀದಿಯಲ್ಲಿ ಪುಟ್ಟಸಿದ್ದಪ್ಪನವರ ಹಿಟ್ಟಿನ ಮಿಲ್ಲಿನ ಎದುರು ಅಪ್ಪನ ಹಿಮ್ಮಡಿಗೆ ಟೊಳ್ಳು ಸಿಕ್ಕಿತು. ಜೊತೆಗಿದ್ದದ್ದು ಸುರಂಗ ವಿಭಾಗದ ಮುಖ್ಯ ಇಂಜಿನಿಯರ್ ಜಯಸಿಂಹ ಒಬ್ಬನೇ. ಆ ದಿನ ಮನೆಗೆ ಬಂದ ಅಪ್ಪ ಖುಷಿಯಲ್ಲಿದ್ದ. "ಇಲ್ಲಿ ಬಾವಿ ಅದೆ ಸಾರ್ ಅಂದೆ. ಎಲ್ಲಿ ಕುಟ್ಟು ಅಂದ್ರು. ಕುಟ್ದೆ. ಸಾರೂ ಕೇಳಿ ತಲೆ ಆಡ್ಸಿದ್ರು ಕಣವ್ವ," ಎಂದ. ಅಲ್ಲೇ ರಸ್ತೆಯ ಮೇಲೆ ಸುಣ್ಣದಲ್ಲಿ ದುಂಡಗೆ ಬಳೆ ಬರೆದು, ನಡುವೆ ಬೇವಿನ ಕಡ್ಡಿ ಇಟ್ಟು ಬಂದಿದ್ದ. ಬಾವಿ ತೋಡುವವರಿಗೆ ಸುಣ್ಣದ ಬಳೆಗಿಂತ ದೊಡ್ಡ ಮಾತಿಲ್ಲ. ಒಬ್ಬ ಹಾಕಿದ ಬಳೆಯನ್ನು ಇನ್ನೊಬ್ಬ ದಾಟುವುದಿಲ್ಲ, ಅಳಿಸುವುದಂತೂ ಇಲ್ಲ. ಯಂತ್ರದವರೂ ಹಾಗೇ ಎಂದು ಅಪ್ಪ ತಿಳಿದಿದ್ದ. ಅವನು ಮಾಡಿದ ತಪ್ಪು ಅದೊಂದೇ.

ಆಮೇಲೆ ಅವರು ಕೊಟ್ಟ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ. ಅವತ್ತಿನ ಹಾಜರಿ ಅಂದುಕೊಂಡಿದ್ದ. ಅದರ ಪ್ರತಿಯನ್ನು ಮನೆಗೆ ತಂದು ನನ್ನ ಮುಂದೆ ಹಿಡಿದು "ಏನ್ ಬರ್ದವ್ರೆ ಓದವ್ವ" ಎಂದ. ನನಗೆ ಪರೀಕ್ಷೆ ಇತ್ತು. ನಾಳೆ ಓದ್ತೀನಪ್ಪ ಅಂದೆ. ಆ ಕಾಗದ ನಾಲ್ಕು ದಿನ ಗೋಡೆಯ ಮೊಳೆಗೆ ಚುಚ್ಚಿಕೊಂಡಿತ್ತು. ಗಾಣದ ಬೀದಿಯಲ್ಲಿ ಯಾವ ಬಾವಿಯೂ ಇಲ್ಲ ಎಂದು ಅದರಲ್ಲಿ ಬರೆದಿತ್ತು.

ಯಂತ್ರ ಅಲ್ಲಿ ಸುತ್ತು ಹೊಡೆದು ಬರಬೇಕೆಂದರೆ ಎರಡು ತಿಂಗಳು ತಡ. ದೊಡ್ಡವರು ಬಂದು ಕೆಲಸ ನೋಡುವ ದಿನ ಗೊತ್ತಾಗಿತ್ತು. ಟ್ಯಾಂಕರ್ ತರಿಸಿ ಸುಣ್ಣದ ಬಳೆ ತೊಳೆಸಿ, ಅದೇ ಜಾಗದಲ್ಲಿ ಅತಿಥಿಗಳಿಗೆಂದು ರಂಗೋಲಿ ಹಾಕಿಸಿದರು. ಐದನೇ ದಿನ ಯಂತ್ರ ಬಂತು. ನೆಲ ಬಾಯಿಬಿಟ್ಟಿತು. ಮಿಲ್ಲು, ಒಳಗೆ ರಾಗಿ ಬೀಸುತ್ತಿದ್ದ ಪುಟ್ಟಸಿದ್ದಪ್ಪನವರು, ಎಲ್ಲ ಕೆಳಗೆ ಹೋದರು.

ಸಂಜೆ ಜಯಸಿಂಹ ನಮ್ಮ ಬೀದಿಗೇ ಬಂದ. ಮನೆಯ ಮುಂದೆ ಜನ ಕೂಡಿದ್ದರು. ಎಲ್ಲರಿಗೂ ಕೇಳುವಂತೆ ಅವ್ವನಿಗೆ ಹೇಳಿದ, "ನಿನ್ನ ಗಂಡನೇ ಬಾವಿ ಇಲ್ಲ ಅಂತ ಹೆಬ್ಬೆಟ್ಟು ಒತ್ತಿದಾನೆ. ನೋಡಿಕೊ." ತನಿಖೆಯ ವರದಿಯಲ್ಲೂ ಅದೇ ಬಂತು. ಶೋಧಕ ಕಾರ್ಮಿಕನ ತಪ್ಪು ಮಾಹಿತಿ. ಸತ್ತ ಪುಟ್ಟಸಿದ್ದಪ್ಪನವರು ಅಪ್ಪನ ಗೆಳೆಯರು. ಅವರ ಹೆಂಡತಿ ಅವ್ವನನ್ನು ಕಂಡರೆ ರಸ್ತೆಯ ಆ ಬದಿಗೆ ಹೋಗುತ್ತಿದ್ದರು. ಬಾವಿಗೆ ಪೂಜೆ ಮಾಡುವವರು, ಕೆಸರು ತೆಗೆಸುವವರು, ಯಾರೂ ಅಪ್ಪನನ್ನು ಕರೆಯಲಿಲ್ಲ. ಅಪ್ಪ ಹೊರಗೆ ಹೋಗುವುದನ್ನೇ ಬಿಟ್ಟ. ಒಳಮನೆಯಲ್ಲಿ ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದ, ಆದರೆ ಹಿಮ್ಮಡಿ ಕುಟ್ಟುತ್ತಿರಲಿಲ್ಲ. ಮೂರನೇ ವರ್ಷ ತೀರಿಕೊಂಡ.

ಅವನು ಬಳೆ ಬರೆದದ್ದನ್ನು ನೋಡಿದವರು ಇದ್ದರು. ಬರೀ ಗುರುತು ಇರಬಹುದು ಅಂದುಕೊಂಡೆವು ಎಂದರು. ಟೊಳ್ಳಿನ ಸದ್ದು ಕೇಳಿ ತಲೆ ಆಡಿಸಿದವನು ಲೋಕದಲ್ಲಿ ಒಬ್ಬನೇ. ಅಪ್ಪನ ಹೆಸರು ಮತ್ತೆ ನೆಟ್ಟಗಾಗಬೇಕಾದರೆ ಆ ಒಂದು ಮಾತು ಅವನ ಬಾಯಿಂದ ಬರಬೇಕಿತ್ತು. ನಾನು ಅವನಿಗೆ ಎರಡು ಸಲ ಕಾಗದ ಬರೆದೆ. ಉತ್ತರ ಬರಲಿಲ್ಲ.

ಮೆಟ್ರೊದಲ್ಲಿ ಕೆಲಸಕ್ಕೆ ಸೇರಿದಾಗ ಅವ್ವ ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದಳು. ನಾನು ಸೇರಿದ್ದು ಯಾಕೆಂದು ನನಗೇ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಾದದ್ದು ಎರಡು ವರ್ಷದ ನಂತರ, ಹಳೆಯ ದಾಖಲೆಗಳನ್ನು ಜೋಡಿಸುತ್ತಿದ್ದಾಗ. ಹಳಿ ಹಾಕುವ ಮುಂಚೆಯೇ ಡಿಪೋದಲ್ಲಿ ಹೆಜ್ಜೆ ಗೇಟಿನ ಪ್ರಯೋಗ ನಡೆದಿತ್ತು. ಲೈನಿನ ಕೆಲಸಗಾರರನ್ನೇ ಮೊದಲ ಮಾದರಿಗಳಾಗಿ ನಡೆಸಿದ್ದರು. ಆ ಪಟ್ಟಿಯಲ್ಲಿ ಅಪ್ಪನ ಹೆಸರಿತ್ತು. ತೆರೆದೆ. ಪರದೆಯ ಮೇಲೆ ಎಂಟು ಹೆಜ್ಜೆಗಳು ಎದ್ದುಬಂದವು. ಬಲಗಾಲಿನ ಎಳೆತ, ನಾಲ್ಕನೆಯದಕ್ಕೆ ಕುಟ್ಟು, ಎಂಟನೆಯದಕ್ಕೆ ಕುಟ್ಟು. ನಾನು ಅಲ್ಲೇ ಮುಖ ಮುಚ್ಚಿಕೊಂಡು ಅತ್ತೆ.

ಅದೇ ವಾರ ಜಯಸಿಂಹ ನಿವೃತ್ತನಾದ. ಗಾಣದ ಬೀದಿ ನಿಲ್ದಾಣದ ಗೋಡೆಯಲ್ಲಿ ಅವನ ಹೆಸರಿನ ಕಲ್ಲಿದೆ, ಸುರಂಗದ ಶಿಲ್ಪಿ ಎಂದು. ದಿನಾ ಹತ್ತು ಗಂಟೆಗೆ ಆ ಕಲ್ಲಿನ ಮುಂದೆ ಹಾದು, ಗೇಟಿನಲ್ಲಿ ತನ್ನ ಹೆಸರು ಕೇಳಿಸಿಕೊಂಡು, ಯೂನಿವರ್ಸಿಟಿ ನಿಲ್ದಾಣಕ್ಕೆ ಪಾಠ ಹೇಳಲು ಹೋಗುತ್ತಿದ್ದ. ಸುರಂಗ ನಿರ್ಮಾಣದಲ್ಲಿ ಎಚ್ಚರಿಕೆ ಎಂಬುದು ಅವನ ಪಾಠ. ಆರಡಿ ಎತ್ತರ, ಎದೆ ಮುಂದೆ, ಕಾಲು ಅಳೆದು ಇಟ್ಟ ಹಾಗೆ ಸಮ. ಪರದೆಯಲ್ಲಿ ಆ ನಡಿಗೆಯನ್ನು ಮತ್ತೆ ಮತ್ತೆ ಹಾಕಿ ನೋಡಿದೆ. ಹೆಸರು ಹೋದ ಮನುಷ್ಯ ಒಳಮನೆಯಲ್ಲಿ ಗೋಡೆಯಿಂದ ಗೋಡೆಗೆ ನಡೆದು ಸತ್ತ. ಇವನು ನೆಟ್ಟಗೆ ನಡೆಯುತ್ತಿದ್ದಾನೆ.

ಅವನ ದಾಖಲೆಗೆ ಅಭ್ಯಾಸ ಕ್ರಮ ಹಾಕಿದೆ. ಗುರಿಯ ಜಾಗದಲ್ಲಿ ಅಪ್ಪನ ಹೆಜ್ಜೆ ಇಟ್ಟೆ. ಗುರಿಯ ದಾಖಲೆ ಚಾಲ್ತಿಯಲ್ಲಿರಬೇಕು ಎಂಬುದು ನಿಯಮ, ಆದ್ದರಿಂದ ತೀರಿಕೊಂಡ ಅಪ್ಪನನ್ನು ಪ್ರಯಾಣಿಕರ ಪಟ್ಟಿಗೆ ಸೇರಿಸಿದೆ. ಇಬ್ಬರ ಹೆಜ್ಜೆ ಒಂದೇ ಆದರೂ ಅಭ್ಯಾಸದಲ್ಲಿರುವವರ ಹೆಸರನ್ನೇ ಗೇಟು ಹೇಳುತ್ತದೆ.

ಮೊದಲ ತಿಂಗಳು ಅವನಿಗೇನೂ ತಿಳಿಯಲಿಲ್ಲ. ಎರಡನೇ ತಿಂಗಳು ಗೇಟು ಒಂದೊಂದು ದಿನ ತೆರೆಯದೆ ನಿಂತಿತು. ಹಿಂದೆ ಸಾಲಿನಲ್ಲಿದ್ದವರು ಗೊಣಗುವರು. ಅವನು ಹಿಂದಕ್ಕೆ ಹೋಗಿ ಮತ್ತೆ ನಡೆಯುವನು. ಸಹಾಯ ಕಿಟಕಿಗೆ ಬರಬಹುದಿತ್ತು. ಬಸುರಿಯರು, ಕುಂಟರು, ಕುಡಿದವರು ನಿಲ್ಲುವ ಸಾಲಿನಲ್ಲಿ ಸುರಂಗದ ಶಿಲ್ಪಿ ನಿಲ್ಲುತ್ತಾನೆಯೇ? ಬದಲಿಗೆ ಹಸಿರು ಹುಡುಕತೊಡಗಿದ. ಬಲಗಾಲು ಒಂದಿಷ್ಟು ತಡವಾದರೆ ಹಸಿರು. ಇನ್ನೊಂದಿಷ್ಟು ತಡವಾದರೆ ಇನ್ನೂ ಹಸಿರು. ಕಾಲು ಕಲಿಯಿತು.

ಪಕ್ಕದ ಮೇಜಿನ ತಬಸ್ಸುಮ್ ಒಂದು ಬೆಳಿಗ್ಗೆ ಕೇಳಿದಳು, "ಗಂಗಾ, ಈ ಜಯಸಿಂಹ ಅನ್ನೋರಿಗೆ ಅಭ್ಯಾಸ ಕ್ರಮ ಯಾರು ಹಾಕಿದ್ದು? ಡಾಕ್ಟ್ರ ಚೀಟಿನೇ ಇಲ್ವಲ್ಲ."

"ಬರುತ್ತೆ," ಅಂದೆ.

"ಗುರಿ ನೋಡಿದ್ಯಾ? ಯಾರೋ ಕುಂಟ್ತಾ ಇರೋರ ಥರ ಇದೆ."

"ಬರುತ್ತೆ ಅಂದ್ನಲ್ಲ."

ತಬಸ್ಸುಮ್ ನನ್ನ ಮುಖವನ್ನೇ ನೋಡಿದಳು. ಟಿಫಿನ್ ಡಬ್ಬಿ ತೆರೆದು ಅರ್ಧ ಚಪಾತಿ ನನ್ನ ಕಡೆ ತಳ್ಳಿದಳು. ನಾನು ತಿಂದೆ. ಅಂಥ ದಿನಗಳಲ್ಲಿ ನನಗೆ ಹಸಿವು ಜೋರಾಗಿರುತ್ತಿತ್ತು.

ಒಂಬತ್ತನೇ ತಿಂಗಳಲ್ಲಿ ಅವನೇ ಸಹಾಯ ಕಿಟಕಿಗೆ ಬಂದ. ಅಂದು ಕಿಟಕಿಯಲ್ಲಿ ನಾನಿದ್ದೆ. ನಾನು ಯಾರೆಂದು ಅವನಿಗೆ ಗುರುತಾಗಲಿಲ್ಲ, ಗುರುತಾಗಲು ಅವನು ನಮ್ಮ ಮುಖಗಳನ್ನು ಯಾವತ್ತು ನೋಡಿದ್ದ?

"ನೋಡೀಮ್ಮ, ಗೇಟ್‌ನಲ್ಲಿ ತೊಂದ್ರೆ ಇಲ್ಲ. ತೊಂದ್ರೆ ನನ್ನ ಕಾಲಲ್ಲಿ," ಎಂದ. "ಮಂಡಿ ಡಾಕ್ಟ್ರಿಗೆ ತೋರಿಸ್ದೆ. ಏನೂ ಇಲ್ಲ ಅಂತಾರೆ. ಮನೇಲೂ ಹೀಗೇ ನಡೀತೀನಂತೆ, ಮನೆಯವ್ರು ಬೈತಾರೆ. ಇನ್ನೊಂದು, ಇದು ಹೇಳೋಕೆ ನಾಚಿಕೆ. ಕಾಲೂರಿದ ಕಡೆಯೆಲ್ಲ ನೆಲ ಟೊಳ್ಳು ಅನ್ನಿಸುತ್ತೆ. ನಿಮ್ಮ ಯಂತ್ರದಲ್ಲಿ ಏನಾದ್ರೂ ಕಾಣುತ್ತಾ?"

ನನಗೆ ಖುಷಿಯಾಯಿತು. ಸುಳ್ಳೇಕೆ ಹೇಳಲಿ, ತುಂಬಾ ಖುಷಿಯಾಯಿತು. ಆದರೂ ಅವನಿಗೊಂದು ಅವಕಾಶ ಕೊಟ್ಟೆ. "ಈ ನಿಲ್ದಾಣ ಕಟ್ಟುವಾಗ ಇಲ್ಲೊಂದು ಬಾವಿ ಕುಸೀತಂತಲ್ಲ ಸರ್. ಅದರ ಭಯ ಇರಬಹುದಾ?" ಎಂದು ಕೇಳಿದೆ.

"ಛೆ, ಅದಕ್ಕೂ ನನಗೂ ಏನು?" ಎಂದ. "ಯಾವನೋ ಬಾವಿ ತೋಡೋನು ಬಾವಿ ಇಲ್ಲ ಅಂತ ಬರ್ಕೊಟ್ಟಿದ್ದ. ಕುಡೀತಿದ್ದ ಅಂತ ಕಾಣುತ್ತೆ. ಅಂಥೋರನ್ನ ನಂಬಿ ಕೆಲ್ಸ ಮಾಡಿದ್ದೇ ನಮ್ಮ ತಪ್ಪು."

ಅಪ್ಪ ಕುಡಿದವನಲ್ಲ. ಬಾವಿಗಿಳಿಯುವವನು ಕುಡಿದರೆ ಮೇಲೆ ಬರುವುದಿಲ್ಲ. "ಯಂತ್ರದಲ್ಲಿ ಏನೂ ಕಾಣ್ತಿಲ್ಲ ಸರ್, ಹಸಿರು ನೋಡ್ಕೊಂಡು ನಡೀರಿ," ಎಂದು ಕಳಿಸಿದೆ. ಅಂದಿನಿಂದ ದಿನದ ಬದಲಾವಣೆಯನ್ನು ಎರಡರಷ್ಟು ಮಾಡಿದೆ.

ಹನ್ನೊಂದನೇ ತಿಂಗಳಿಗೆ ಕೆಲಸ ಮುಗಿಯಿತು. ಅವನ ಎಂಟು ಹೆಜ್ಜೆ, ಅಪ್ಪನ ಎಂಟು ಹೆಜ್ಜೆ ಒಂದರ ಮೇಲೊಂದು ಇಟ್ಟರೆ ಒಂದೇ ಗೆರೆ.

ಅದೇ ದಿನಗಳಲ್ಲಿ ಅವ್ವನ ಎರಡು ಕಣ್ಣಿಗೂ ಪೊರೆ ಬಂದು ಎಲ್ಲ ಮಬ್ಬಾಗಿತ್ತು. ಒಂದು ಕಣ್ಣಿನ ಆಪರೇಷನ್ ಬೆಳಿಗ್ಗೆ ಏಳಕ್ಕೆ ಮುಗಿಯಿತು. ಆಟೊದವರ ಮುಷ್ಕರ. ಅವ್ವ ಮೆಟ್ರೊ ಹತ್ತಿದವಳಲ್ಲ, ಗಾಣದ ಬೀದಿಗಂತೂ ಕಾಲಿಟ್ಟವಳಲ್ಲ. ಆಸ್ಪತ್ರೆಗೆ ಹತ್ತಿರದ ನಿಲ್ದಾಣ ಅದೊಂದೇ, ಬೇರೆ ದಾರಿಯಿಲ್ಲದೆ ಬಂದಳು, ಸಹಾಯ ಕಿಟಕಿಯಲ್ಲಿ ಹೇಳಿ ಒಳಗೆ ಕರೆದುಕೊಂಡೆ. ಹಸಿರು ಪಟ್ಟಿ ಕಟ್ಟಿದ ಕಣ್ಣಿನಲ್ಲಿ, ಗಾಣದ ಬೀದಿಯ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ, ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಳು. ಹತ್ತು ಗಂಟೆಯಾಗುತ್ತಿದೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಮೆಟ್ಟಿಲಿನ ಕಡೆಯಿಂದ ಸದ್ದು ಬಂತು. ಎಳೆತ, ಹೆಜ್ಜೆ, ಎಳೆತ, ಕುಟ್ಟು. ಎಳೆತ, ಹೆಜ್ಜೆ, ಎಳೆತ, ಕುಟ್ಟು.

ಅವ್ವ ಎದ್ದು ನಿಂತಳು. ಚೀಲಕ್ಕೆ ಕೈ ಹಾಕಿ ನೀರಿನ ಬಾಟಲಿ ತೆಗೆದು ಮುಚ್ಚಳ ತಿರುಗಿಸಿದಳು. ನಾನು ಅವಳ ತೋಳು ಹಿಡಿಯುವಷ್ಟರಲ್ಲಿ ನಾಲ್ಕು ಹೆಜ್ಜೆ ಮುಂದೆ ಹೋಗಿ, ಬಗ್ಗಿ, ಜಯಸಿಂಹನ ಪಾಲಿಶ್ ಮಾಡಿದ ಶೂಗಳ ಮೇಲೆ ನೀರು ಹುಯ್ದಳು.

"ಬಂದ್ರಾ," ಎಂದಳು.

"ಏನಮ್ಮಾ ಇದು, ಶೂ ಎಲ್ಲ ಒದ್ದೆ ಮಾಡ್ದೆ. ಕಣ್ಣು ಕಾಣಲ್ವಾ ನಿನಗೆ?" ಎಂದ ಅವನು.

ಆ ದನಿಗೆ ಅವ್ವ ಮೈ ಸೆಟೆದುಕೊಂಡಳು. ಹನ್ನೆರಡು ವರ್ಷದ ಹಿಂದೆ ಮನೆ ಮುಂದೆ ಒಮ್ಮೆ ಕೇಳಿದ್ದು ಅಷ್ಟೇ, ಅವಳಿಗೆ ಅಷ್ಟು ಸಾಕಿತ್ತು. ರೈಲು ಬಂತು, ಅವನು ಶೂ ಕೊಡವಿಕೊಂಡು ಹತ್ತಿ ಹೋದ. ಅವ್ವ ಬಾಗಿದವಳು ಹಾಗೇ ನಿಂತಿದ್ದಳು.

ಮನೆಗೆ ಬಂದ ಮೇಲೆ ಗೋಡೆಗೊರಗಿ ಕೂತು ಕೇಳಿದಳು, "ಅದು ನಿಮ್ಮಪ್ಪನ ನಡಿಗೆ. ಅವ್ನಿಗೆ ಹೆಂಗ್ ಬಂತು?"

ಎಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ದನಿಯಲ್ಲಿ ಜಂಬವೂ ಸೇರಿಕೊಂಡಿತ್ತು, ಅವಳು ಮೆಚ್ಚುತ್ತಾಳೆ ಎಂದೇ ತಿಳಿದಿದ್ದೆ. "ನೋಡವ್ವ, ಹೆಂಗ್ ಕುಂಟ್ತಾ ಅವ್ನೆ. ಸಾಯೋಗಂಟ ಹಿಂಗೇ," ಅಂದೆ.

ಅವ್ವ ಸೆರಗಿನಿಂದ ಎರಡೂ ಕೈ ಒರೆಸಿಕೊಂಡಳು. ಆಮೇಲೆ ಅಂದಳು, "ಅವ್ರು ಕುಂಟ್ತಿರ್ಲಿಲ್ಲ ಮಗ. ನೆಲದ ಮಾತು ಕೇಳ್ತಿದ್ರು. ಅವ್ರ ಹೆಸ್ರ ಅವ್ನು ತಿಂದ. ಉಳ್ದಿದ್ದು ನಡಿಗೆ ಒಂದೇ, ಅದ್ನ ನೀನೇ ಎತ್ತಿ ಅವ್ನಿಗೆ ಕೊಟ್ಟೆ."

ಹನ್ನೊಂದು ತಿಂಗಳಲ್ಲಿ ಈ ಮಾತು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

"ನಾನು ನೀರ್ ಹುಯ್ದೆ ಅವ್ನಿಗೆ," ಎಂದಳು ಅವ್ವ. ಪಟ್ಟಿ ಕಟ್ಟಿದ ಕಣ್ಣಿನ ಕೆಳಗಿನಿಂದಲೂ ನೀರು ಇಳಿಯಿತು. ಡಾಕ್ಟರು ಅಳಬಾರದು ಅಂದಿದ್ದರು.

ಅಂದು ನನಗೆ ಸಂಜೆಯ ಪಾಳಿ. ಕೂತ ತಕ್ಷಣ ಜಯಸಿಂಹನ ದಾಖಲೆ ತೆರೆದು ಪೂರ್ತಿ ಅಳಿಸಿದೆ. ಇನ್ನು ಅವನು ಗೇಟಿಗೆ ಯಾರೂ ಅಲ್ಲ. ಹೊಸದಾಗಿ ನೋಂದಾಯಿಸಿಕೊಳ್ಳಲು ಕಿಟಕಿಗೆ ಬರಲೇಬೇಕು, ಬಂದಾಗ ಅಪ್ಪನ ನಡಿಗೆಯನ್ನು ಅವನಿಂದ ಬಿಡಿಸಿದರಾಯಿತು ಎಂದುಕೊಂಡೆ. ಕೋಪದಲ್ಲಿ ಒಂದನ್ನು ಮರೆತಿದ್ದೆ. ಅಪ್ಪನ ದಾಖಲೆ ಇನ್ನೂ ಚಾಲ್ತಿಯಲ್ಲಿತ್ತು.

ಮರುದಿನ ಅವ್ವನ ಪಟ್ಟಿ ಬಿಚ್ಚಿಸಲು ಹೊರಟೆವು. ಮುಷ್ಕರ ಮುಗಿದಿತ್ತು, ಆಟೊ ಹಿಡಿಯೋಣ ಎಂದೆ. ಅವ್ವ ಬೇಡವೆಂದಳು. "ಹತ್ ಗಂಟ್ಗೆ ಬರ್ತಾನೆ ಅಲ್ವ? ನಾನೂ ಬತ್ತೀನಿ." ಸಹಾಯ ಕಿಟಕಿಯ ಪಕ್ಕದ ಬೆಂಚಿನ ಮೇಲೆ ಅವಳನ್ನು ಕೂರಿಸಿದೆ. ಒಳಗೆ ತಬಸ್ಸುಮ್ ಇದ್ದಳು, ನಾನೂ ಹೋಗಿ ಅವಳ ಪಕ್ಕ ನಿಂತೆ.

ಹತ್ತಕ್ಕೆ ಅವನು ಬಂದ. ಎಂಟು ಟೈಲ್ಸ್ ದಾಟಿದ. ಎಂಟೂ ಹಸಿರು. ಗೇಟು ತೆರೆದುಕೊಂಡು ಎಲ್ಲರಿಗೂ ಹೇಳುವ ಅದೇ ಮೆದು ದನಿಯಲ್ಲಿ ಹೇಳಿತು, "ನಮಸ್ಕಾರ, ತಿಮ್ಮಾಭೋವಿಯವರೇ."

ಅವನು ತೆರೆದ ಗೇಟಿನೊಳಗೆ ಹೋಗಲಿಲ್ಲ. ಪರದೆಯ ಮೇಲಿನ ಹೆಸರು ನೋಡಿದ. ತನ್ನ ಕಾಲು ನೋಡಿಕೊಂಡ. ಹಿಂದಕ್ಕೆ ಬಂದು ಮತ್ತೊಮ್ಮೆ ನಡೆದ. ಗೇಟು ಮತ್ತೊಮ್ಮೆ ಅಪ್ಪನಿಗೆ ನಮಸ್ಕಾರ ಹೇಳಿತು. ಅವನ ಮುಖದ ಬಣ್ಣ ಇಳಿಯುವುದನ್ನು ನಾನು ಕಣ್ತುಂಬ ನೋಡಿದೆ.

ಕಿಟಕಿಗೆ ಬಂದು ನನ್ನನ್ನು ದಿಟ್ಟಿಸಿದ. "ಇದು ಅವನ ನಡಿಗೆ ಅಲ್ವಾ?"

"ಅವರ," ಅಂದೆ. "ಅವರ ನಡಿಗೆ. ನಾನು ಅವರ ಮಗಳು."

ಅವನು ಕಿಟಕಿಯ ಕಟ್ಟೆ ಹಿಡಿದುಕೊಂಡ. "ಕಂಪ್ಲೇಂಟ್ ಕೊಡ್ತೀನಿ. ನಿನ್ನ ಕೆಲ್ಸ ತೆಗೆಸ್ತೀನಿ."

"ಕೊಡಿ ಸರ್. ಇಲ್ಲಿ ಆಡೋ ಮಾತೆಲ್ಲ ರೆಕಾರ್ಡ್ ಆಗುತ್ತೆ, ಇಲ್ಲೇ ಹೇಳ್ಬಿಡಿ."

"ಮೊದ್ಲು ನನ್ನದು ನನಗೆ ವಾಪಸ್ ಕೊಡು."

"ನಿಮ್ಮದನ್ನ ನೀವೇ ನಡೆದು ಕೊಡ್ಬೇಕು," ಅಂದೆ. ಕಿಟಕಿಯ ಮುಂದೆಯೂ ಎಂಟು ಟೈಲ್ಸ್ ಇದ್ದವು, ಹೊಸಬರ ನೋಂದಣಿಗೆ. "ನಿಮ್ಮ ಹಾಗೆ ನಡೀರಿ."

ಅವನು ನಡೆದ. ಎದೆ ಮುಂದೆ ತಂದ, ಬಲಗಾಲನ್ನು ಬಲವಂತದಿಂದ ಎತ್ತಿ ಇಟ್ಟ. ನಾಲ್ಕನೆಯದಕ್ಕೆ ಹಿಮ್ಮಡಿ ತನ್ನಷ್ಟಕ್ಕೆ ಕುಟ್ಟಿತು. ಮತ್ತೆ ನಡೆದ. ಮತ್ತೆ ಕುಟ್ಟಿತು. ಐದಾರು ಸಲ ಆಯಿತು, ಬೆವರಿಳಿಯಿತು, ಜನ ನಿಂತು ನೋಡತೊಡಗಿದರು.

ಆಗ ಅವ್ವ ಬೆಂಚಿನಿಂದಲೇ ಮಾತಾಡಿದಳು. ದನಿ ಎತ್ತರಿಸಲಿಲ್ಲ.

"ಅವತ್ತು ಮಿಲ್ಲಿನ ಮುಂದೆ ಅವ್ರು ಹಿಂಗೇ ಕುಟ್ಟಿದ್ರಲ್ಲಪ್ಪ. ನೀನೂ ಕೇಳ್ದೆ. ಏನ್ ಕೇಳಿಸ್ತು?"

ಅವನು ಅವಳ ಕಡೆ ತಿರುಗಲಿಲ್ಲ. ತನ್ನ ಎಡ ಹಿಮ್ಮಡಿಯನ್ನೇ ನೋಡುತ್ತಿದ್ದ. ಒಂದು ರೈಲು ಕೆಳಗೆ ಬಂದು ಹೋಯಿತು. ಆಮೇಲೆ ಆ ಮಾತು ಬಂತು, ಕೆಮ್ಮಿನ ಜೊತೆಗೆ, ಅವನಿಗೇ ಬೇಡವಾಗಿ.

"ಟೊಳ್ಳು. ಟೊಳ್ಳು ಕೇಳಿಸಿತ್ತು."

"ಅವ್ರು ಏನಂದ್ರು?"

"ಬಾವಿ ಅದೆ ಅಂದ. ಅಂದ್ರು. ನಾನೇ ಕಾಗದ ಬರೆಸ್ದೆ. ಬಳೆ ಅಳಿಸಿದ್ದೂ ನಾನೇ."

ಕಿಟಕಿಯೊಳಗೆ ತಬಸ್ಸುಮ್ ರೆಕಾರ್ಡಿಂಗಿನ ಪ್ರತಿ ತೆಗೆದು ಮೇಲಿನವರಿಗೆ ಕಳಿಸಿಬಿಟ್ಟಳು. ನಾನು ಹೇಳಿರಲಿಲ್ಲ. ಅದರಿಂದ ಮುಂದೆ ವರದಿ ತಿದ್ದಿದರು, ಗೋಡೆಯ ಕಲ್ಲು ತೆಗೆದರು, ಪುಟ್ಟಸಿದ್ದಪ್ಪನವರ ಹೆಂಡತಿ ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದು ಅವ್ವನ ಕೈ ಹಿಡಿದು ಕೂತಿದ್ದರು. ನಾನು ಮಾಡಿದ್ದೂ ಅದೇ ರೆಕಾರ್ಡಿಂಗಿನಲ್ಲಿತ್ತು, ನನ್ನನ್ನೂ ತೆಗೆದರು. ಅದೆಲ್ಲ ಆಮೇಲಿನದು.

ಅಂದು ಕಿಟಕಿಯ ಮುಂದೆ ಅವನು ಕೇಳಿದ್ದು ಒಂದೇ, "ಹೇಳಿದ್ನಲ್ಲ. ಈಗಾದ್ರೂ ನನ್ನ ನಡಿಗೆ ಕೊಡು."

"ಇಲ್ಲ ಸರ್," ಅಂದೆ. "ಅಭ್ಯಾಸ ಕ್ರಮದಲ್ಲಿ ಹಳೇದನ್ನ ಇಡೋದಿಲ್ಲ. ಎಲ್ಲೂ ಪ್ರತಿ ಇಲ್ಲ."

ಅದು ನಿಜ. ಇದ್ದಿದ್ದರೂ ಕೊಡುತ್ತಿದ್ದೆನೋ ಇಲ್ಲವೋ, ಅದನ್ನು ಕೇಳಬೇಡಿ.

ಅವ್ವ ಎದ್ದು ಕಿಟಕಿಗೆ ಬಂದಳು. ಸತ್ತವರ ಹೆಜ್ಜೆಯನ್ನು ಮುಚ್ಚಬೇಕಾದರೆ ಮನೆಯವರು ಬಾಯಿಬಿಟ್ಟು ಹೇಳಬೇಕೆಂಬ ನಿಯಮವಿದೆ. ತಬಸ್ಸುಮ್ ಮೈಕು ಅವಳ ಕಡೆ ತಿರುಗಿಸಿದಳು.

"ತಿಮ್ಮಾಭೋವಿ. ಬಾವಿ ತೋಡ್ತಿದ್ರು. ತೀರ್ಕೊಂಡವ್ರೆ," ಎಂದಳು ಅವ್ವ. "ಅವ್ರ ನಡಿಗೆ ಯಾರ್ಗೂ ಕೊಡಂಗಿಲ್ಲ, ಮುಚ್ಬುಡಿ."

ಮುಚ್ಚಿದರು. ಜಯಸಿಂಹ ಕೊನೆಯ ಸಲ ಗೇಟಿನ ಕಡೆ ನಡೆದ. ಒಂದು ಟೈಲೂ ಹಸಿರಾಗಲಿಲ್ಲ, ಗೇಟು ಯಾರ ಹೆಸರನ್ನೂ ಹೇಳಲಿಲ್ಲ. ಅವನು ತಿರುಗಿ ಹೊರಗಿನ ಮೆಟ್ಟಿಲು ಹತ್ತತೊಡಗಿದ. ಎಳೆತ, ಹೆಜ್ಜೆ, ಎಳೆತ, ಕುಟ್ಟು. ಪ್ರತಿ ಕುಟ್ಟಿಗೂ ಒಂದು ಕ್ಷಣ ನಿಂತು ಕಿವಿಗೊಡುತ್ತಿದ್ದ.

ಸದ್ದು ಪೂರ್ತಿ ನಿಲ್ಲುವವರೆಗೆ ಅವ್ವ ಕೇಳಿಸಿಕೊಂಡಳು. ಕೈಯಲ್ಲಿ ನೀರಿನ ಬಾಟಲಿ ಇತ್ತು. ಅದರ ಮುಚ್ಚಳ ಬಿಗಿಯಾಗಿ ತಿರುಗಿಸಿ ಚೀಲದೊಳಗೆ ಇಟ್ಟಳು.